ಬಾಯಾರಿಕೆಗೆ ಎಂತ ಕೊಡುವುದು?

ಮೇ ತಿಂಗಳ ಮಧ್ಯಾಹ್ನ ಮಂಗಳೂರು, ಉಡುಪಿ ಕಡೆ ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ ಇದೇ. "ಬಾಯಾರಿಕೆಗೆ ಎಂತ ಕೊಡುವುದು?" ನಾನು ಸಣ್ಣವಳಿದ್ದಾಗ ಒಂದು ಚೆಂಬು ನೀರು ಬರುತ್ತಿತ್ತು, ಜೊತೆಗೆ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಬೆಲ್ಲ ಕಚ್ಚಿ ನೀರು ಕುಡಿದರೆ ಸೆಕೆ ಅರ್ಧ ಇಳಿಯುತ್ತಿತ್ತು. ಈಗ ಒಳಗಿನಿಂದ ಫ್ರಿಜ್ ಬಾಗಿಲಿನ ಸದ್ದು ಕೇಳುತ್ತದೆ. ದೊಡ್ಡವರನ್ನಾದರೂ ಚಾ ಆಗಬಹುದಾ ಎಂದು ಕೇಳುತ್ತಾರೆ. ಮಕ್ಕಳನ್ನು ಕೇಳುವುದೇ ಇಲ್ಲ. ಅವರ ಕೈಗೆ ನೇರ ಹಳದಿ ಬಣ್ಣದ ಗ್ಲಾಸು.

ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಉಡುಪಿ ಕಡೆ ಮೂರು ಮನೆಗೆ ಹೋಗಿ ಬಂದೆವು. ಮಗನಿಗೆ ಆಗ 8 ವರ್ಷ. ಮೊದಲ ಮನೆಯಲ್ಲಿ ಬಾಟಲಿ ಮಾವಿನ ಪಾನೀಯ. ಎರಡನೇ ಮನೆಯಲ್ಲಿ ಗಲ್ಫ್‌ನಿಂದ ಬಂದ ಚಿಕ್ಕಪ್ಪ ತಂದಿದ್ದ ಕಿತ್ತಳೆ ಪುಡಿಯನ್ನು ಕಲಸಿದ ನೀರು. ಮೂರನೆಯದು ಗೃಹಪ್ರವೇಶ. ಅಲ್ಲಿ ಐಸ್ ಹಾಕಿದ ಕೋಲಾ. ಮೂರೂ ಕಡೆ ಪ್ರೀತಿಯಿಂದಲೇ ಕೊಟ್ಟದ್ದು. ಬೇಡ ಎಂದರೆ ಬೇಸರವಾಗುತ್ತದೆ, ಅಲ್ವಾ? ನಾನೂ ಬೇಡ ಎನ್ನಲಿಲ್ಲ.

ರಾತ್ರಿ ಮನೆಗೆ ಬಂದ ಮೇಲೆ ಸುಮ್ನೆ ಕುತೂಹಲಕ್ಕೆ ಅಡುಗೆಮನೆಯ ಸಣ್ಣ ತಕ್ಕಡಿ ತೆಗೆದೆ. ಮಾವಿನ ಪಾನೀಯದ ಬಾಟಲಿಯ ಹಿಂದೆ 100 ಮಿಲಿಗೆ 13 ಗ್ರಾಂ ಸಕ್ಕರೆ ಎಂದು ಬರೆದಿತ್ತು. ಅವನು ಕುಡಿದದ್ದು 200 ಮಿಲಿ ಇರಬಹುದು, ಅಂದರೆ 26 ಗ್ರಾಂ. ಕಿತ್ತಳೆ ಪುಡಿಯಲ್ಲಿ ಬಹುಪಾಲು ಸಕ್ಕರೆಯೇ, ಒಂದು ಗ್ಲಾಸಿಗೆ 20 ಗ್ರಾಂ ಎಂದು ಹಿಡಿದೆ. ಕೋಲಾದಲ್ಲಿ 100 ಮಿಲಿಗೆ ಸುಮಾರು 10.5 ಗ್ರಾಂ ಇರುತ್ತದೆ. 250 ಮಿಲಿಗೆ 26 ಗ್ರಾಂ. ಒಟ್ಟು 72 ಗ್ರಾಂ. ಅಷ್ಟು ಸಕ್ಕರೆಯನ್ನು ತೂಗಿ ಸಣ್ಣ ಚಾ ಲೋಟಕ್ಕೆ ಸುರಿದೆ. ಅರ್ಧಕ್ಕಿಂತ ಮೇಲೆ ಬಂತು. ಯಾರಾದರೂ ಆ ಲೋಟ ಹಿಡಿದು "ಮಗೂ, ಇದನ್ನು ಚಮಚದಲ್ಲಿ ತಿನ್ನು" ಎಂದರೆ ನಾನು ಜಗಳಕ್ಕೇ ಹೋಗುತ್ತಿದ್ದೆ.

ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಲೋಟವಲ್ಲ, ಅವನ ರಾತ್ರಿ ಊಟ. 72 ಗ್ರಾಂ ಸಕ್ಕರೆ ಅಂದರೆ 288 ಕ್ಯಾಲೊರಿ. ಒಂದು ದೊಡ್ಡ ಬಟ್ಟಲು ಕುಚ್ಚಲಕ್ಕಿ ಅನ್ನಕ್ಕೆ ಹೆಚ್ಚು ಕಡಿಮೆ ಸಮ. ಮಧ್ಯಾಹ್ನ ಮೇಲೆ ಅಷ್ಟು ಅನ್ನ ಜಾಸ್ತಿ ತಿಂದ ಮಗು ರಾತ್ರಿ "ನನಗೆ ಬೇಡ, ಹೊಟ್ಟೆ ತುಂಬಿದೆ" ಎನ್ನಬೇಕು. ಇವನು ಎಂದಿನ ಹಾಗೆ ನೀರುದೋಸೆ ತಿಂದ, ಒಂದೂ ಕಮ್ಮಿ ಮಾಡಲಿಲ್ಲ. ಹಗಲಿಡೀ ಕುಡಿದದ್ದನ್ನು ಹೊಟ್ಟೆ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸಿಹಿ ಪಾನೀಯದ ಇಡೀ ಕಥೆ ಇರುವುದು ಇಲ್ಲೇ.

ನಮ್ಮ ಹೊಟ್ಟೆ ತುಂಬಿತು ಎಂದು ಮಿದುಳಿಗೆ ಗೊತ್ತಾಗುವುದು ಹಲವು ಕಡೆಯಿಂದ. ಬಾಯಿ ಜಗಿಯುತ್ತದೆ, ಅದೊಂದು ಸುದ್ದಿ. ಜಠರ ಹಿಗ್ಗುತ್ತದೆ, ಅದು ಇನ್ನೊಂದು. ಆಹಾರ ನಿಧಾನವಾಗಿ ಸಣ್ಣ ಕರುಳಿಗೆ ಇಳಿಯುವಾಗ ಅಲ್ಲಿಂದ ಹಾರ್ಮೋನುಗಳು ಹೊರಟು "ಸಾಕು" ಎನ್ನುತ್ತವೆ. ಇದಕ್ಕೆಲ್ಲ ಸ್ವಲ್ಪ ಹೊತ್ತು ಬೇಕು. ಒಂದು ಗ್ಲಾಸು ಜ್ಯೂಸು ಅರ್ಧ ನಿಮಿಷದಲ್ಲಿ ಗಂಟಲಿಳಿಯುತ್ತದೆ. ಜಗಿಯುವುದಕ್ಕೆ ಏನೂ ಇಲ್ಲ. ನಾರು ಇಲ್ಲ, ಪ್ರೋಟೀನ್ ಇಲ್ಲ. ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಮೈಗೆ ಕ್ಯಾಲೊರಿ ಬಂತು, ಮಿದುಳಿಗೆ ಸುದ್ದಿ ಸರಿಯಾಗಿ ಮುಟ್ಟಲಿಲ್ಲ.

ಇದು ಬರೀ ಊಹೆಯಲ್ಲ. 2000ದಲ್ಲಿ ಅಮೆರಿಕದಲ್ಲಿ 15 ಜನ ದೊಡ್ಡವರ ಮೇಲೆ ಒಂದು ಸಣ್ಣ ಪ್ರಯೋಗ ನಡೆಯಿತು. 4 ವಾರ ದಿನಕ್ಕೆ 450 ಕ್ಯಾಲೊರಿಯಷ್ಟು ಜೆಲ್ಲಿ ಮಿಠಾಯಿ ತಿನ್ನಬೇಕು. ಇನ್ನೊಂದು 4 ವಾರ ಅಷ್ಟೇ ಕ್ಯಾಲೊರಿಯ ಸಿಹಿ ಸೋಡಾ ಕುಡಿಯಬೇಕು. ಬೇರೆ ಊಟ ಅವರವರ ಇಷ್ಟ. ಮಿಠಾಯಿ ತಿಂದ ವಾರಗಳಲ್ಲಿ ಅವರು ತಾವಾಗಿಯೇ ಊಟ ಕಮ್ಮಿ ಮಾಡಿದರು. ಸೋಡಾ ಕುಡಿದ ವಾರಗಳಲ್ಲಿ ಹಾಗೆ ಆಗಲಿಲ್ಲ. ಸೋಡಾ ಊಟದ ಮೇಲೆ ಹೋಗಿ ಕೂತಿತು. ಎರಡೂ ಸಕ್ಕರೆಯೇ, ನೋಡಿ. ವ್ಯತ್ಯಾಸ ಇದ್ದದ್ದು ಗಟ್ಟಿ, ನೀರು ಅನ್ನುವುದರಲ್ಲಿ.

ಮಕ್ಕಳ ಮೇಲೆ ಇದಕ್ಕಿಂತ ದೊಡ್ಡ ಪ್ರಯೋಗ ಆದದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಅದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಹೆಚ್ಚು ಕಡಿಮೆ 5ರಿಂದ 12 ವರ್ಷದ 641 ಮಕ್ಕಳು, ಹೆಚ್ಚಿನವರು ಸರಿಯಾದ ತೂಕದವರು. ದಿನಕ್ಕೊಂದು 250 ಮಿಲಿ ಡಬ್ಬಿ ಪಾನೀಯ. ಅರ್ಧ ಮಕ್ಕಳಿಗೆ ಸಕ್ಕರೆಯದ್ದು, 104 ಕ್ಯಾಲೊರಿ. ಇನ್ನರ್ಧಕ್ಕೆ ಅದೇ ರುಚಿಯ, ಸಕ್ಕರೆ ಇಲ್ಲದ್ದು. ಯಾರಿಗೆ ಯಾವುದು ಸಿಕ್ಕಿದೆ ಎಂದು ಮಕ್ಕಳಿಗೆ ಹೇಳಿರಲಿಲ್ಲ. 18 ತಿಂಗಳ ನಂತರ ತೂಕ ನೋಡಿದರು. ಬೆಳೆಯುವ ಮಕ್ಕಳು, ಎಲ್ಲರದ್ದೂ ತೂಕ ಏರಿತ್ತು. ಸಕ್ಕರೆ ಇಲ್ಲದ್ದು ಕುಡಿದವರದ್ದು ಸರಾಸರಿ 6.35 ಕಿಲೋ. ಸಕ್ಕರೆಯದ್ದು ಕುಡಿದವರದ್ದು 7.37 ಕಿಲೋ. ಒಂದು ಕಿಲೋ ಜಾಸ್ತಿ. ಊಟ ಬದಲಿಸಿ, ಆಟ ಬಿಡಿ ಎಂದು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಎರಡು ಗುಂಪಿಗೆ ಬೇರೆ ಬೇರೆ ಕೊಟ್ಟದ್ದು ದಿನಕ್ಕೆ ಒಂದು ಡಬ್ಬಿ, ಅಷ್ಟೆ.

ಒಂದು ಕಿಲೋ ದೊಡ್ಡ ವಿಷಯವಾ ಎಂದು ಕೇಳಬಹುದು. ಒಂದೂವರೆ ವರ್ಷಕ್ಕೆ ಅಲ್ಲ. ಆದರೆ ಈ ಅಭ್ಯಾಸ ಒಂದೂವರೆ ವರ್ಷಕ್ಕೆ ನಿಲ್ಲುವುದಿಲ್ಲವಲ್ಲ.

ಹಾಗಾದರೆ ಎಷ್ಟು ಸಕ್ಕರೆ ಸರಿ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು: ದಿನದ ಒಟ್ಟು ಕ್ಯಾಲೊರಿಯಲ್ಲಿ 10%ಕ್ಕಿಂತ ಕಡಿಮೆ ಸಕ್ಕರೆಯಿಂದ ಬರಬೇಕು, 5%ರ ಒಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 1,600 ಕ್ಯಾಲೊರಿ ಬೇಕಾಗುವ ಮಗುವಿಗೆ 10% ಅಂದರೆ 40 ಗ್ರಾಂ, 5% ಅಂದರೆ 20 ಗ್ರಾಂ. ಅಮೆರಿಕದ ಹೃದಯ ಸಂಘ 2016ರಲ್ಲಿ 2ರಿಂದ 18 ವರ್ಷದವರಿಗೆ ದಿನಕ್ಕೆ 25 ಗ್ರಾಂ ಮಿತಿ ಹಾಕಿತು, 2 ವರ್ಷದೊಳಗಿನ ಮಕ್ಕಳಿಗೆ ಸೇರಿಸಿದ ಸಕ್ಕರೆ ಬೇಡವೇ ಬೇಡ ಎಂದಿತು. ನನ್ನ ಮಗ ಆ ಭಾನುವಾರ ಮೊದಲ ಮನೆಯಲ್ಲೇ ಆ ಮಿತಿ ದಾಟಿದ್ದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬರುವುದು ನಾವು ಸೇರಿಸುವ ಸಕ್ಕರೆ, ಬೆಲ್ಲ, ಜೇನು, ಮತ್ತು ಹಣ್ಣು ಹಿಂಡಿದ ರಸದ ಸಕ್ಕರೆ. ಇಡೀ ಹಣ್ಣಿನೊಳಗಿನದ್ದು, ಹಾಲಿನೊಳಗಿನದ್ದು ಈ ಲೆಕ್ಕಕ್ಕಿಲ್ಲ.

ಬೆಲ್ಲ ಎಂದಾಗ ನಮ್ಮ ಅತ್ತೆ ತಕರಾರು ತೆಗೆದರು. "ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು ಮಾರಾಯ್ತಿ." ಬೆಲ್ಲದಲ್ಲಿ ಒಂದಿಷ್ಟು ಖನಿಜ ಇದೆ, ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಕಬ್ಬಿನ ಸಕ್ಕರೆ ಬಣ್ಣ ಬದಲಿಸಿದರೆ ಲಿವರಿಗೆ ಗೊತ್ತಾಗುವುದಿಲ್ಲ. ಹಳೆಯ ಪದ್ಧತಿಯಲ್ಲಿ ಬೆಲ್ಲ ಗೆದ್ದದ್ದು ಬೇರೆ ಕಾರಣಕ್ಕೆ: ಅಲ್ಲಿ ಒಂದು ಸಣ್ಣ ತುಂಡು ಬೆಲ್ಲಕ್ಕೆ ಒಂದು ಚೆಂಬು ನೀರಿತ್ತು.

ಲಿವರ್ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಕ್ಕರೆಯ ಒಂದೊಂದು ಕಣದಲ್ಲಿ ಎರಡು ಭಾಗ, ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯ ಎಲ್ಲ ಅಂಗಗಳೂ ಬಳಸುತ್ತವೆ. ಫ್ರಕ್ಟೋಸ್ ಹೆಚ್ಚಾಗಿ ಹೋಗುವುದು ಲಿವರಿಗೆ. ಇಡೀ ಕಿತ್ತಳೆ ತಿಂದರೆ ಅದು ನಾರಿನ ಜೊತೆ ನಿಧಾನ ಬರುತ್ತದೆ, ಲಿವರ್ ನಿಭಾಯಿಸುತ್ತದೆ. ಒಂದು ಬಾಟಲಿ ಒಂದೇ ಸಲ ಬಂದರೆ, ಅದೂ ದಿನಾ ಬಂದರೆ, ಹೆಚ್ಚಾದದ್ದನ್ನು ಲಿವರ್ ಕೊಬ್ಬಾಗಿ ಮಾಡುತ್ತದೆ. ಆ ಕೊಬ್ಬು ಅಲ್ಲೇ ಉಳಿಯಲೂಬಹುದು. ಫ್ಯಾಟಿ ಲಿವರ್ ಎಂದರೆ ಕುಡಿಯುವ ಗಂಡಸರ ಕಾಯಿಲೆ ಎಂದು ನಾವು ತಿಳಿದಿದ್ದೆವು. ಈಗ ಶಾಲೆಗೆ ಹೋಗುವ ಮಕ್ಕಳ ಸ್ಕ್ಯಾನಿಂಗ್ ವರದಿಯಲ್ಲೂ ಆ ಮಾತು ಬರುತ್ತಿದೆ.

ಇನ್ನು ಇನ್ಸುಲಿನ್. ರಕ್ತದ ಗ್ಲೂಕೋಸನ್ನು ಜೀವಕೋಶದೊಳಗೆ ಸೇರಿಸುವ ಕೆಲಸ ಅದರದ್ದು. ಮೈಯಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ ಮತ್ತು ಲಿವರಿನಲ್ಲಿ ಕೊಬ್ಬು ಜಾಸ್ತಿಯಾದ ಹಾಗೆ ಜೀವಕೋಶಗಳು ಇನ್ಸುಲಿನ್ ಮಾತು ಕೇಳುವುದು ಕಮ್ಮಿ ಮಾಡುತ್ತವೆ. ಆಗ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ವರ್ಷಗಟ್ಟಲೆ ಹೀಗೇ ಸಾಗಿದರೆ ಕೆಲವರಿಗೆ ಡಯಾಬಿಟಿಸ್ ಬರುತ್ತದೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಎಳೆ ಇದೆ. ಭಾರತದ ಮಕ್ಕಳು ಹುಟ್ಟುವಾಗ ಸಪೂರ ಕಂಡರೂ ಮೈಯಲ್ಲಿ ಸ್ನಾಯುವಿಗೆ ಹೋಲಿಸಿದರೆ ಕೊಬ್ಬಿನ ಪಾಲು ಜಾಸ್ತಿ ಎಂದು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ ತೋರಿಸಿದೆ. ಹಾಗಾಗಿ "ನಮ್ಮವನು ಅಷ್ಟೇನೂ ತೋರ ಇಲ್ಲ" ಎನ್ನುವ ಸಮಾಧಾನ ನಮಗೆ ಅಷ್ಟು ಒಗ್ಗುವುದಿಲ್ಲ.

ಇನ್ಸುಲಿನ್ ಜಾಸ್ತಿಯಾದದ್ದು ಹೊರಗೆ ಕಾಣುವ ಜಾಗ ಒಂದಿದೆ. ಕುತ್ತಿಗೆಯ ಹಿಂಭಾಗ. ಅಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ಆಗುತ್ತದೆ. ಕಂಕುಳಲ್ಲೂ ಬರಬಹುದು. ನಮ್ಮ ಪಕ್ಕದ ಮನೆಯ ಹುಡುಗಿಗೆ ಹೀಗಾಗಿತ್ತು. ಅವಳ ಅಮ್ಮ ಆರು ತಿಂಗಳು ಕಡಲೆಹಿಟ್ಟು, ಲಿಂಬೆ, ತೆಂಗಿನ ನಾರು ಎಲ್ಲ ಹಾಕಿ ಉಜ್ಜಿದರು. "ಎಷ್ಟು ಉಜ್ಜಿದರೂ ಕೊಳೆ ಹೋಗುವುದಿಲ್ಲ" ಎಂದು ಮಗುವಿಗೇ ಬೈದರು. ಅದು ಕೊಳೆಯೇ ಆಗಿರಲಿಲ್ಲ. ಶೀತಕ್ಕೆ ಎಂದು ಡಾಕ್ಟರ ಹತ್ತಿರ ಹೋದಾಗ ಅವರು ಸ್ಟೆತಾಸ್ಕೋಪ್ ಇಡುವ ಮೊದಲು ಕುತ್ತಿಗೆ ನೋಡಿದರು. ಉಜ್ಜುವುದು ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿ ಎಂದರು. ನಿಮ್ಮ ಮಗುವಿನ ಕುತ್ತಿಗೆ ಹಾಗಿದ್ದರೆ ಸೋಪು ಬದಲಿಸಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಈಗ ನಮ್ಮ ಊರಿನ ಗ್ಲಾಸುಗಳಿಗೆ ಬರುತ್ತೇನೆ. ಸೆಕೆ ಸುಳ್ಳಲ್ಲ. ಕರಾವಳಿಯಲ್ಲಿ ಬೆವರು ಒಣಗುವುದೇ ಇಲ್ಲ, ಮಕ್ಕಳಿಗೆ ಬಾಯಾರುವುದು ಸಹಜ. ಬಾಯಾರಿದಾಗ ಮೈ ಕೇಳುವುದು ನೀರನ್ನು. ನಾವು ಉತ್ತರ ಕೊಡುವುದು ಸಕ್ಕರೆಯಲ್ಲಿ.

ಬೊಂಡದ ನೀರಿನಲ್ಲೂ, ಅಂದರೆ ಎಳನೀರಿನಲ್ಲೂ ಸಕ್ಕರೆ ಇದೆ, ಆದರೆ 100 ಮಿಲಿಗೆ ಸಾಮಾನ್ಯವಾಗಿ 5 ಗ್ರಾಂನ ಒಳಗೆ, ಜೊತೆಗೆ ಪೊಟ್ಯಾಸಿಯಂ ಬೇರೆ. ಕೋಲಾದ ಅರ್ಧವೂ ಅಲ್ಲ. ಮಲ್ಪೆಯಲ್ಲಿ ಆಡಿ ಬೆವರಿದ ಮಗುವಿಗೆ ಒಂದು ಬೊಂಡ ಕೆತ್ತಿಸಿ ಕೊಟ್ಟರೆ ನಾನಂತೂ ಎರಡನೇ ಯೋಚನೆ ಮಾಡುವುದಿಲ್ಲ. ಒಳಗಿನ ಗಂಜಿಯನ್ನೂ ಕೆರೆದು ತಿನ್ನಲಿ, ಅದಕ್ಕೆ ಜಗಿಯುವ ಕೆಲಸ ಇದೆ. ಕಬ್ಬಿನ ಹಾಲು ಬೇರೆ ಲೆಕ್ಕ. ಅದು ಕಣ್ಣೆದುರೇ ಹಿಂಡಿದ್ದು, ತಾಜಾ, ಎಲ್ಲ ಸರಿ. ಆದರೆ ಸಕ್ಕರೆ ಹುಟ್ಟುವುದೇ ಅದರಿಂದ. ಸಕ್ಕರೆಯ ಮಟ್ಟಿಗೆ ಅದು ಕೋಲಾದ ಸಾಲಿನಲ್ಲೇ ನಿಲ್ಲುತ್ತದೆ.

ಪುನರ್ಪುಳಿ (ಕೋಕಂ) ಶರಬತ್ತು ನಮ್ಮ ಹೆಮ್ಮೆ. ಸಿಪ್ಪೆ ಒಳ್ಳೆಯದೇ. ಆದರೆ ಅದರ ಹುಳಿಯನ್ನು ಮುಚ್ಚಲು ಎಷ್ಟು ಸಕ್ಕರೆ ಬೇಕು ಎಂದು ಶರಬತ್ತು ಕಾಯಿಸಿದವರಿಗೆ ಗೊತ್ತು. ಅಂಗಡಿಯ ಬಾಟಲಿ ಶರಬತ್ತೆಂದರೆ ಸಕ್ಕರೆ ಪಾಕಕ್ಕೆ ಪುನರ್ಪುಳಿ ಬಣ್ಣ ಬಂದ ಹಾಗೆ. ಮನೆಯಲ್ಲಿ ಒಣ ಸಿಪ್ಪೆ ನೆನೆಸಿ, ಉಪ್ಪು, ಚೂರು ಜೀರಿಗೆ ಹಾಕಿದ್ದು ಬೇರೆಯೇ. ಎಳ್ಳು ಜ್ಯೂಸು, ರಾಗಿ ನೀರು ಕೂಡ ಹೀಗೇ, ಚಮಚ ಎಷ್ಟು ಸಲ ಬೆಲ್ಲದ ಡಬ್ಬಕ್ಕೆ ಹೋಯಿತು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಮಜ್ಜಿಗೆ ನೀರು ಮತ್ತು ಉಪ್ಪು ಹಾಕಿದ ಗಂಜಿ ತಿಳಿಯ ಬಗ್ಗೆ ಹೇಳುವುದಕ್ಕೆ ತಕರಾರೇ ಇಲ್ಲ. ಅವುಗಳಿಗೆ ಜಾಹೀರಾತು ಇಲ್ಲ ಎನ್ನುವುದೊಂದೇ ಕೊರತೆ.

ಹಣ್ಣಿನ ಜ್ಯೂಸಿನ ಬಗ್ಗೆ ಜನರಿಗೆ ಇನ್ನೂ ಭಕ್ತಿ ಇದೆ. ಒಂದು ಗ್ಲಾಸು ಮೂಸಂಬಿ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಯಾವ ಮಗುವೂ ಕೂತು ನಾಲ್ಕು ಮೂಸಂಬಿ ತಿನ್ನುವುದಿಲ್ಲ, ಎರಡನೆಯದಕ್ಕೇ ಎದ್ದು ಓಡುತ್ತದೆ. ಹಿಂಡಿದಾಗ ನಾರು ಸಿಪ್ಪೆ ಬುಟ್ಟಿಗೆ ಹೋಯಿತು, ಸಕ್ಕರೆ ಗ್ಲಾಸಿಗೆ ಬಂತು. ಭಾರತೀಯ ಮಕ್ಕಳ ವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ 2 ವರ್ಷದೊಳಗೆ ಜ್ಯೂಸು ಬೇಡ, 5 ವರ್ಷದವರೆಗೆ ದಿನಕ್ಕೆ 125 ಮಿಲಿ, ಆಮೇಲೆ 250 ಮಿಲಿ ದಾಟಬಾರದು ಎಂದಿದೆ. ಅದೂ ತಾಜಾ ರಸ. ಜ್ಯೂಸಿಗಿಂತ ಇಡೀ ಹಣ್ಣೇ ಮೇಲು ಎನ್ನುವುದು ಅವರ ಮಾತು. ಅಂಗಡಿಯ 'ಫ್ರೂಟ್ ಡ್ರಿಂಕ್' ಅಂತೂ ಜ್ಯೂಸಲ್ಲ. ನಮ್ಮ ಆಹಾರ ನಿಯಮದ ಪ್ರಕಾರ ಅದರಲ್ಲಿ 10% ಹಣ್ಣು ಇದ್ದರೆ ಸಾಕು, ಲಿಂಬೆಯದ್ದಾದರೆ 5%. ಉಳಿದದ್ದು ನೀರು, ಸಕ್ಕರೆ, ಬಣ್ಣ, ಪರಿಮಳ. ಪ್ಯಾಕೆಟ್ ಹಿಂದೆ ಸಾಮಗ್ರಿಗಳನ್ನು ತೂಕದ ಕ್ರಮದಲ್ಲಿ ಬರೆಯಬೇಕು ಎಂಬ ನಿಯಮ ಇದೆ, ಯಾವುದು ಜಾಸ್ತಿಯೋ ಅದು ಮೊದಲು. ಮೊದಲ ಮೂರು ಹೆಸರು ಓದಿದರೆ ಸಾಕು, ಮುಂದಿನ ಚಿತ್ರ ಮರೆತುಹೋಗುತ್ತದೆ.

ಒಂದು ವಿಚಿತ್ರ ನೋಡಿ. 2025ರ ಸೆಪ್ಟೆಂಬರ್ 22ರಿಂದ ಕೋಲಾದಂಥ ಗುಳ್ಳೆ ಪಾನೀಯಕ್ಕೆ ಜಿಎಸ್‌ಟಿ 40%. ಗುಳ್ಳೆ ಇಲ್ಲದ ಹಣ್ಣಿನ ಪಾನೀಯಕ್ಕೆ 12% ಇದ್ದದ್ದು 5%ಕ್ಕೆ ಇಳಿಯಿತು. ನನ್ನ ಲೆಕ್ಕದಲ್ಲಿ 100 ಮಿಲಿಗೆ ಮಾವಿನ ಪಾನೀಯದ ಸಕ್ಕರೆ ಕೋಲಾಕ್ಕಿಂತ ಜಾಸ್ತಿ ಬಂದಿತ್ತು. ತೆರಿಗೆ ಕಂಡದ್ದು ಗುಳ್ಳೆಯನ್ನು.

ಹಾಲಿಗೆ ಹಾಕುವ ಪುಡಿಯ ಕಥೆಯೂ ಹೀಗೇ. ಎತ್ತರ ಬೆಳೆಯುತ್ತಾರೆ, ಬುದ್ಧಿ ಚುರುಕಾಗುತ್ತದೆ ಎಂದು ನಾವೂ ಎರಡು ದೊಡ್ಡ ಚಮಚ ಹಾಕಿ, ರುಚಿಗೆ ಮೇಲಿಂದ ಸಕ್ಕರೆಯನ್ನೂ ಹಾಕುತ್ತಿದ್ದೆವು. ಕೆಲವು ಪುಡಿಗಳಲ್ಲಿ ಮೂರನೇ ಒಂದು ಭಾಗ ಸಕ್ಕರೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥವನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಎಂದಿತು, ಏಕೆಂದರೆ ಆಹಾರ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಅನ್ನುವ ವಸ್ತುವೇ ಇಲ್ಲ. ಒಆರ್‌ಎಸ್ ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು, ಗ್ಲೂಕೋಸಿನ ನೀರು. ಆ ಹೆಸರಿನ ಸಿಹಿ ಪ್ಯಾಕೆಟ್‌ಗಳದ್ದೂ ಅದೇ ಪಾಡು. ನಿಜವಾದ ಒಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕು. ಅಂಗಡಿಯ ಪ್ಯಾಕೆಟ್‌ಗಳಲ್ಲಿ ಅದರ ಹಲವು ಪಟ್ಟು ಸಕ್ಕರೆ ಇತ್ತು. ಭೇದಿ ಆಗುತ್ತಿರುವ ಮಗುವಿಗೆ ಅದು ಇನ್ನಷ್ಟು ಹಾನಿ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಅಂಥ ಪಾನೀಯಗಳು ಒಆರ್‌ಎಸ್ ಎಂಬ ಹೆಸರು ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿತು.

ಕುಡಿಯುವುದಾಯಿತು, ಇನ್ನು ಕುರುಕಲು.

ಸಂಜೆ ನಾಲ್ಕೂವರೆಯ ಹಸಿವು ನಾಟಕವಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಶಾಲೆಯಲ್ಲಿ ಗಡಿಬಿಡಿಯಲ್ಲಿ ಉಂಡ ಮಗು ವ್ಯಾನಿನಿಂದ ಇಳಿಯುವಾಗ ನಿಜಕ್ಕೂ ಹಸಿದಿರುತ್ತದೆ. ಬ್ಯಾಗು ಬಿಸಾಡಿ ಮೊದಲು ತೆರೆಯುವುದು ತಿಂಡಿ ಡಬ್ಬ. ಅಲ್ಲಿ ಕ್ರೀಮ್ ಬಿಸ್ಕೆಟ್ ಇದ್ದರೆ ಕ್ರೀಮ್ ಬಿಸ್ಕೆಟ್, ಚಿಪ್ಸ್ ಇದ್ದರೆ ಚಿಪ್ಸ್. ಕ್ರೀಮ್ ಬಿಸ್ಕೆಟಿನ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸಕ್ಕರೆ. ಆಮೇಲೆ ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ ಬೇಕರಿ, ಒಂದು ಪಫ್ಸ್. ಮತ್ತೆ ಏಳೂವರೆಗೆ ಟಿವಿ ಮುಂದೆ ಅಪ್ಪ ತಂದ ಮಿಕ್ಸ್ಚರ್. ಒಂಬತ್ತಕ್ಕೆ ಊಟ ಬಡಿಸಿದರೆ ಗಂಜಿ ಬೇಡ, ಪಲ್ಯ ಬೇಡ. "ಇವನು ಏನೂ ತಿನ್ನುವುದಿಲ್ಲ ಡಾಕ್ಟ್ರೇ" ಎಂದು ಕ್ಲಿನಿಕ್ಕಿನಲ್ಲಿ ಹೇಳುವುದು ಇದೇ ಮಗುವಿನ ಬಗ್ಗೆ.

ಪ್ಯಾಕೆಟ್ ತಿಂಡಿ ಏಕೆ ನಿಲ್ಲಿಸಲಾಗುವುದಿಲ್ಲ? ಮನಸ್ಸು ಗಟ್ಟಿ ಇಲ್ಲ ಎಂದು ಮಗುವನ್ನು ದೂರಬೇಡಿ. 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ 20 ಮಂದಿ ದೊಡ್ಡವರನ್ನು ಆಸ್ಪತ್ರೆಯಲ್ಲೇ ಇರಿಸಿ ನೋಡಿದರು. ಎರಡು ವಾರ ಕಾರ್ಖಾನೆಯಲ್ಲಿ ಹೆಚ್ಚು ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಅಡುಗೆ. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಎಂದರು. ಸಂಸ್ಕರಿಸಿದ್ದು ತಿಂದ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಹೋಯಿತು, ಎರಡು ವಾರಕ್ಕೆ ತೂಕ 0.9 ಕಿಲೋ ಏರಿತು. ಅವರು ಬೇಗ ಬೇಗ ತಿಂದಿದ್ದರು. ಮೆತ್ತಗಿನ, ಬಾಯಲ್ಲಿ ಕರಗುವ ತಿಂಡಿ ಪಾನೀಯದ ತಮ್ಮ ಇದ್ದ ಹಾಗೆ. ಹೊಟ್ಟೆ ಸಾಕು ಎನ್ನುವ ಮೊದಲೇ ಪ್ಯಾಕೆಟ್ ಖಾಲಿ.

ನಮ್ಮ ಬನ್ಸ್, ಗೋಳಿಬಜೆ ಏನು ಪುಣ್ಯದ್ದಾ ಎಂದು ಕೇಳಿದರೆ, ಅಲ್ಲ. ಮೈದಾ, ಎಣ್ಣೆ, ಬನ್ಸ್‌ಗೆ ಸಕ್ಕರೆ ಕೂಡ. ಆದರೆ ಬನ್ಸ್ ಮಾಡಲು ಹಿಂದಿನ ದಿನವೇ ಬಾಳೆಹಣ್ಣು ಹಿಸುಕಿ ಹಿಟ್ಟು ಕಲಸಿಡಬೇಕು. ಆ ಕಷ್ಟಕ್ಕೇ ಅದು ವಾರಕ್ಕೊಮ್ಮೆಯ ತಿಂಡಿ. ಗಡ್‌ಬಡ್ ಐಸ್‌ಕ್ರೀಮೂ ಹಾಗೇ. ಶಾಲೆಗೆ ರಜೆ ಸಿಕ್ಕಿತು, ಪೇಟೆಗೆ ಹೋದೆವು, ಉದ್ದ ಚಮಚ ಹಿಡಿದು ತಳದ ಜೆಲ್ಲಿಯವರೆಗೆ ತಿಂದೆವು. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ನಾನೇ ಬಿಡುವುದಿಲ್ಲ. ತೂಕ ಏರಿಸುವುದು ತಿಂಗಳಿಗೊಂದು ಗಡ್‌ಬಡ್ ಅಲ್ಲ. ಯಾರೂ ನೆನಪಿಡದ ದಿನದ ಗ್ಲಾಸು, ದಿನದ ಪ್ಯಾಕೆಟ್ಟು.

ಆಡಿಸಿದರೆ ಕರಗುವುದಿಲ್ಲವಾ? ಆ ಭಾನುವಾರದ 288 ಕ್ಯಾಲೊರಿ ಕರಗಿಸಲು ಒಂದು ಗಂಟೆಯಷ್ಟು ಜೋರು ಚೆಂಡಾಟ ಬೇಕು. ಕುಡಿಯಲು ಬೇಕಾದದ್ದು ಎಲ್ಲ ಸೇರಿ ಎರಡು ನಿಮಿಷ. ಆಟ ಬೇಕು, ದಿನಕ್ಕೆ 60 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ನಮ್ಮಲ್ಲಿ ಅದು ಸುಲಭವಲ್ಲ. ನಿದ್ದೆಯೂ ಬೇಕು, ಕಮ್ಮಿ ನಿದ್ದೆ ಮಾಡಿದ ಮಗುವಿಗೆ ಮರುದಿನ ಹಸಿವು ಜಾಸ್ತಿ.

ಮಗು ತೋರ ಇದೆಯಾ ಎಂದು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ನಮ್ಮಲ್ಲಿ ಅಜ್ಜಿಯಂದಿರಿಗೆ ಎಲ್ಲ ಪುಳ್ಳಿಗಳೂ ಸಪೂರವೇ. ಕಿಲೋ ತೂಕವನ್ನು ಮೀಟರ್‌ನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ, ಎತ್ತರಕ್ಕೆ ತೂಕ ಎಷ್ಟಿದೆ ಎಂದು ಹೇಳುವ ಅಂಕಿ. 8 ವರ್ಷದ ಹುಡುಗ, 34 ಕಿಲೋ, 128 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಬಿಎಂಐ 20.8. ದೊಡ್ಡವರಿಗಾದರೆ ಇದು ಸರಿಯಾದ ಅಂಕಿ. 8 ವರ್ಷಕ್ಕೆ ಇದು ಬೊಜ್ಜಿನ ಗೆರೆಯ ಮೇಲೆ. ಮಕ್ಕಳಿಗೆ ವಯಸ್ಸು, ಗಂಡು ಹೆಣ್ಣು ನೋಡಿ ಪಟ್ಟಿಯಲ್ಲಿ ಚುಕ್ಕಿ ಇಡಬೇಕು. ಭಾರತದ ಮಕ್ಕಳಿಗೆಂದೇ 2015ರ ಪಟ್ಟಿ ಇದೆ, ಮಕ್ಕಳ ಡಾಕ್ಟರ ಹತ್ತಿರ ಇರುತ್ತದೆ. ಒಂದು ಚುಕ್ಕಿಗಿಂತ ಆರು ತಿಂಗಳಿಗೊಮ್ಮೆ ಇಟ್ಟ ನಾಲ್ಕು ಚುಕ್ಕಿಗಳು ಹೆಚ್ಚು ಹೇಳುತ್ತವೆ.

"ಥೈರಾಯ್ಡ್ ಇರಬೇಕು" ಎನ್ನುವುದು ಎಲ್ಲರ ಮೊದಲ ಊಹೆ. ಸುಲಭದ ಗುರುತು ಒಂದಿದೆ. ತಿಂದು ತೂಕ ಏರಿದ ಮಕ್ಕಳು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವೂ ಇರುತ್ತಾರೆ. ತೂಕ ಏರುತ್ತಿದೆ, ಎತ್ತರ ನಿಂತಿದೆ ಎಂದಾದರೆ ಹಾರ್ಮೋನ್ ತೊಂದರೆ ಇರಬಹುದು, ತಡ ಮಾಡದೆ ತೋರಿಸಬೇಕು. ಮತ್ತೆ, ಬೆಳೆಯುವ ಮಗುವನ್ನು ಉಪವಾಸ ಹಾಕಬಾರದು. ಹೆಚ್ಚಿನ ಮಕ್ಕಳಿಗೆ ತೂಕ ಇಳಿಸುವ ಅಗತ್ಯವೂ ಇಲ್ಲ. ತೂಕ ಏರುವುದು ನಿಧಾನವಾದರೆ ಎತ್ತರ ಬಂದು ಸರಿದೂಗಿಸುತ್ತದೆ. "ಏ ಡುಮ್ಮ" ಎಂದು ಕರೆಯುವ ಮಾವಂದಿರಿಂದ ಯಾರ ತೂಕವೂ ಇಳಿದದ್ದಿಲ್ಲ.

ಕಾನೂನೂ ಇದೆ. ಜಾಸ್ತಿ ಕೊಬ್ಬು, ಉಪ್ಪು, ಸಕ್ಕರೆ ಇರುವ ತಿಂಡಿಯನ್ನು ಶಾಲೆಯ ಕ್ಯಾಂಟೀನಿನಲ್ಲಿ, ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂದು 2020ರ ನಿಯಮ. ನಾನು ಒಂದು ದಿನ ಹೆಜ್ಜೆ ಹಾಕಿ ನೋಡಿದೆ. ಮಗನಿಗೆ ಇಷ್ಟದ ಬೇಕರಿ ಹೆಚ್ಚು ಕಡಿಮೆ 60ನೇ ಮೀಟರಿನಲ್ಲಿದೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಿ ಎಂದಿತು, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳಿಗೆ ತೋರಿಸಲು. ಇದು ನನಗೆ ನಿಯಮಕ್ಕಿಂತ ಹಿಡಿಸಿತು, ಏಕೆಂದರೆ ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದೂ ಬೈಗುಳವಲ್ಲ, ಆ ತಕ್ಕಡಿ. ಮರುದಿನ ಮಗನ ಕೈಯಲ್ಲೇ 26 ಗ್ರಾಂ ತೂಗಿಸಿದೆ. ಅವನು ತಟ್ಟೆ ನೋಡಿ, "ಇದು ಒಂದು ಗ್ಲಾಸಿಗಾ?" ಎಂದು ಎರಡು ಸಲ ಕೇಳಿದ.

ನಾವು ಮಾಡಿದ್ದು ಹೆಚ್ಚೇನಿಲ್ಲ. ಬಾಟಲಿ ತರುವುದು ನಿಲ್ಲಿಸಿದೆವು. ಮನೆಯಲ್ಲಿ ಇಲ್ಲದ್ದನ್ನು ಬೇಡ ಎನ್ನಬೇಕಾಗಿಲ್ಲ. ಡಯಟ್ ಕೋಲಾ ತರಬಹುದಿತ್ತು, ಆದರೆ ತೂಕ ಹಿಡಿತದಲ್ಲಿಡಲು ಕೃತಕ ಸಿಹಿಯನ್ನು ನಂಬಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸಿಹಿಯ ಚಪಲ ಹಾಗೇ ಉಳಿಯುತ್ತದೆ ಎಂದು ನನಗೂ ಅನ್ನಿಸಿತು. ನಾಲ್ಕೂವರೆಗೆ ತಿಂಡಿ ಡಬ್ಬದ ಬದಲು ಊಟದಂಥದ್ದೇ ಏನಾದರೂ: ಬೆಳಗಿನ ಸಜ್ಜಿಗೆ ಅವಲಕ್ಕಿ, ಎರಡು ದೋಸೆ, ಬೇಯಿಸಿದ ಮೊಟ್ಟೆ, ನೆಲಗಡಲೆ, ಒಂದು ಕದಳಿ ಹಣ್ಣು. ಹಸಿದ ಹೊತ್ತಿಗೆ ಸಿಕ್ಕಿದರೆ ಹೆಸರುಕಾಳೂ ಖಾಲಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಪುನರ್ಪುಳಿಗೆ ಮೊದಲು ಗ್ಲಾಸಿಗೆ ನಾಲ್ಕು ಚಮಚ ಸಕ್ಕರೆ ಹಾಕುತ್ತಿದ್ದೆ. ವಾರಕ್ಕೆ ಅರ್ಧ ಚಮಚದ ಹಾಗೆ ಇಳಿಸುತ್ತಾ ಬಂದೆ, ಯಾರಿಗೂ ಹೇಳದೆ. ಒಂದೂವರೆಗೆ ಬರುವವರೆಗೆ ಯಾರೂ ತುಟಿ ಬಿಚ್ಚಲಿಲ್ಲ. ಒಂದಕ್ಕೆ ಇಳಿಸಿದ ದಿನ ಮಗ ಗ್ಲಾಸು ಕೆಳಗಿಟ್ಟು, "ಅಮ್ಮ, ಇದು ಎಂತ, ಸಾರಾ?" ಎಂದ. ಮತ್ತೆ ಒಂದೂವರೆಗೆ ರಾಜಿಯಾಯಿತು. ಅತ್ತೆ ಈಗಲೂ ನಾನು ಆಚೆ ಹೋದಾಗ ಅವನ ಗ್ಲಾಸಿಗೆ ಅರ್ಧ ಚಮಚ ಜಾಸ್ತಿ ಹಾಕುತ್ತಾರೆ. ಚಮಚದ ಸದ್ದು ಚಾವಡಿಗೆ ಕೇಳುತ್ತದೆ.